ಕಾಗದದ ಕೊನೆಯ ಸಾಲು

ಹೊಳೆಯಾಚೆಯ ಮಠಕ್ಕೆ ಭರಮಣ್ಣ ಟ್ರಂಕು ಹೊತ್ತು ಬಂದಾಗ ಗುರು ಮರುಳಯ್ಯನವರು ಮೆಟ್ಟಿಲ ಮೇಲೆ ಕೂತು ಹುರುಳಿ ಆರಿಸುತ್ತಿದ್ದರು. ಭರಮಣ್ಣ ಅವರಿಂದಲೇ ಅಕ್ಷರ ಕಲಿತ ಶಿಷ್ಯ, ಈಗ ಗಡಿಯಲ್ಲಿ ಸಿಪಾಯಿ. ಮೂರು ವರ್ಷದ ಮೇಲೆ ಹತ್ತು ದಿನದ ರಜೆಗೆ ಊರಿಗೆ ಬಂದವನು ಮೂರೇ ದಿನಕ್ಕೆ ಟ್ರಂಕು ಎತ್ತಿದ್ದಾನೆ ಎಂದರೆ ಏನೋ ಆಗಿದೆ ಎಂದು ತಿಳಿಯಲು ಗುರುವೇ ಆಗಬೇಕಾಗಿರಲಿಲ್ಲ.

"ಹೋಗಿ ಬರ್ತೀನಿ ಅಂತ ಹೇಳೋಕೆ ಬಂದೆ," ಎಂದ. "ಬರ್ತೀನಿ ಅನ್ನೋದು ಬಾಯಿಮಾತು ಅಷ್ಟೇ. ಇನ್ನು ಈ ಕಡೆ ತಲೆ ಹಾಕಲ್ಲ."

ಮರುಳಯ್ಯನವರು ಮೊರ ಕೆಳಗಿಟ್ಟು, ಕುಡಿಯಲು ನೀರು ಕೊಟ್ಟು, ಕೂತುಕೋ ಎಂದರು.

ವಿಷಯ ಅಪ್ಪ ಹುಲಗಪ್ಪನದು. ಹುಲಗಪ್ಪ ಕಲ್ಲುಕುಟಿಗ. ಸುತ್ತಲ ಹಳ್ಳಿಗಳ ಒರಳು, ಬೀಸುಕಲ್ಲು, ಹೊಸ್ತಿಲು ಎಲ್ಲ ಅವನ ಉಳಿಯ ಕೆಲಸವೇ. ನಾಲಿಗೆಯನ್ನೂ ಆ ಪುಣ್ಯಾತ್ಮ ಉಳಿಯ ಜೊತೆಗೇ ಸಾಣೆ ಹಿಡಿಸಿಕೊಂಡಿದ್ದ. ಮಗ ಸೈನ್ಯಕ್ಕೆ ಹೊರಟ ದಿನ, ಸಾಯೋಕೆ ಹೋಗ್ತೀಯ, ಹೋಗು ಎಂದವನು ಕಲ್ಲಿನಿಂದ ಮುಖ ಎತ್ತಿರಲಿಲ್ಲ. ಓದು ಬರಹ ಬಾರದವನಾದ್ದರಿಂದ ಮಗನಿಗೆ ಕಾಗದ ಬರೆಸಬೇಕಾದರೆ ಮರುಳಯ್ಯನವರ ಹತ್ತಿರವೇ ಬರುತ್ತಿದ್ದ. ಇದು ಭರಮಣ್ಣನಿಗೂ ಗೊತ್ತಿತ್ತು.

ದೂರು ಆ ಕಾಗದಗಳದ್ದೇ. ಒಂದೊಂದರಲ್ಲೂ ಹತ್ತು ಸಾಲು ಬೈಗುಳ. ಕೊನೆಯಲ್ಲಿ ಮಾತ್ರ ಒಂದು ಸಾಲು: ನಿನ್ನ ದಾರಿ ಕಾಯ್ತಾ ಇದೀನಿ ಕಂದಾ. ಮೇಲಿನ ಹತ್ತನ್ನು ಹಲ್ಲು ಕಚ್ಚಿ ಒಂದು ಸಲ ಓದುತ್ತಿದ್ದವನು ಕೊನೆಯದನ್ನು ಹತ್ತು ಸಲ ಓದುತ್ತಿದ್ದ. ಹಿಮದ ಬೆಟ್ಟದಲ್ಲಿ ಮೂರು ವರ್ಷ ಆ ಒಂದು ಸಾಲನ್ನು ಎದೆಗೆ ಅವಚಿಕೊಂಡು ಕಳೆದಿದ್ದ. ಊರಿಗೆ ಬಂದದ್ದೂ ಅದರ ಧೈರ್ಯದ ಮೇಲೆಯೇ.

ನಿನ್ನೆ ಉಣ್ಣುವಾಗ, ಮನಸ್ಸು ಗಟ್ಟಿ ಮಾಡಿಕೊಂಡು, ಆ ಸಾಲನ್ನು ಅಪ್ಪನ ಮುಂದೆ ಹೇಳಿದನಂತೆ. ಹುಲಗಪ್ಪ ತುತ್ತನ್ನು ಕೈಯಲ್ಲೇ ಹಿಡಿದು ಮಗನ ಮುಖ ನೋಡಿದನಂತೆ. ಕಂದಾನಾ? ನಾನ್ಯಾವಾಗ ಹಂಗೆ ಬರೆಸಿದೆ? ನನಗೇನು ತಲೆ ಕೆಟ್ಟಿತ್ತಾ? ಎಂದನಂತೆ.

"ಎದುರಿಗೇ ಕೂತು ಇಲ್ಲ ಅಂದುಬಿಟ್ಟ ಗುರುಗಳೇ." ಎಂದ ಭರಮಣ್ಣ. "ಕೊಟ್ಟಿದ್ದೇ ಒಂದು ಮಾತು. ಅದನ್ನೂ ಕಿತ್ತುಕೊಂಡ."

ಆ ಕಾಗದಗಳು ಎಲ್ಲಿವೆ ಎಂದು ಗುರುಗಳು ಕೇಳಿದರು.

ಎಲ್ಲಿರುತ್ತವೆ, ಟ್ರಂಕಿನ ತಳದಲ್ಲಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದ. ಎಣಿಸಿದರೆ ಮೂವತ್ತೊಂದು.

ಮರುಳಯ್ಯನವರು ಒಳಗಿಂದ ಕತ್ತರಿ ತಂದರು. ಮೊದಲ ಕಾಗದ ಬಿಡಿಸಿ, ಕೊನೆಯ ಸಾಲನ್ನು ಉದ್ದಕ್ಕೆ ಕತ್ತರಿಸಿ ಪಕ್ಕಕ್ಕಿಟ್ಟರು. ಎರಡನೆಯದಕ್ಕೆ ಕತ್ತರಿ ಹಾಕುವಷ್ಟರಲ್ಲಿ ಭರಮಣ್ಣ ಹೌಹಾರಿ ಅವರ ಕೈ ಹಿಡಿದ.

"ಬಿಡು," ಎಂದರು. "ಈ ಸಾಲುಗಳು ನನ್ನವು."

ಅವನಿಗೆ ಅರ್ಥವಾಗಲಿಲ್ಲ. ಗುರುಗಳು ಬಿಡಿಸಿ ಹೇಳಿದರು. ಹುಲಗಪ್ಪ ಬೈಗುಳ ಬರೆಸಿ ಮುಗಿಸಿದ ಮೇಲೆ, ಮಗನಿಗೆ ಒಂದು ಮೆತ್ತನೆಯ ಮಾತು ಬರೆಯಲಾ ಎಂದು ತಾವು ಪ್ರತಿ ಸಲ ಕೇಳುತ್ತಿದ್ದರು. ಸುಮ್ಮನೆ ಕಾಗದ ತುಂಬಿಸಬೇಡಿ ಅನ್ನುತ್ತಿದ್ದ. ಅವನ ಬೆನ್ನು ತಿರುಗಿದ ಮೇಲೆ, ಶಿಷ್ಯನ ಮೇಲಿನ ಮರುಕಕ್ಕೆ, ತಾವೇ ತುಂಬಿಸುತ್ತಿದ್ದರು.

"ನಿನ್ನಪ್ಪ ನಿಜವನ್ನೇ ಹೇಳಿದ. ಸುಳ್ಳುಗಾರ ನಾನು. ತಪ್ಪಾಯಿತು," ಎಂದು ಶಿಷ್ಯನಿಗೆ ಕೈ ಮುಗಿದರು.

ಭರಮಣ್ಣನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಎಷ್ಟೋ ವಾಸಿಯಿತ್ತು. ಹೊಳೆಯ ಕಡೆ ನೋಡುತ್ತಾ, "ಹಾಗಾದರೆ ನನ್ನಪ್ಪ ನನಗೆ ಏನೂ ಕೊಟ್ಟಿಲ್ಲ," ಎಂದ.

ಗುರುಗಳು ಮೂವತ್ತೊಂದನ್ನೂ ಕತ್ತರಿಸಿ ಮುಗಿಸಿದರು. ತಮ್ಮ ಸಾಲುಗಳನ್ನೆಲ್ಲ ಮುದ್ದೆ ಮಾಡಿ ಒಳಗೆ ಗಂಜಿ ಬೇಯುತ್ತಿದ್ದ ಒಲೆಗೆ ಹಾಕಿ ಬಂದು, ಉಳಿದ ಕಟ್ಟನ್ನು ಅವನ ತೊಡೆಯ ಮೇಲಿಟ್ಟರು.

"ಈಗ ಓದು. ಗಟ್ಟಿಯಾಗಿ."

ಓದಿದ. ಒದ್ದೆ ಬಟ್ಟೇಲೇ ಮಲಗೋ ಸೋಮಾರಿ ನೀನು, ಬದಲಾಯಿಸಿಕೊಂಡು ಮಲಗು. ಎಲ್ಲರದೂ ಊಟ ಆದಮೇಲೆ ನಿನಗೆ ಹಸಿವು ನೆನಪಾಗುತ್ತೆ, ಮೊದಲೇ ಹೋಗಿ ತಟ್ಟೆ ಇಡೋ ದಡ್ಡ. ಕೆಮ್ಮು ಬಂದರೆ ಮುಚ್ಚಿಡೋ ಬುದ್ಧಿ ನಿಮ್ಮವ್ವಂದು, ಅದೊಂದು ಬಿಡು. ಹೀಗೆ ಒಂದಾದ ಮೇಲೊಂದು. ಏಳನೆಯದರಲ್ಲಿ ಇತ್ತು: ಮೋಡ ನೋಡಿಕೊಂಡು ನಡೆಯೋ ಮುಠ್ಠಾಳ ನೀನು, ಗೊತ್ತಿಲ್ಲದ ಬಂಡೆ ಮೇಲೆ ಕಾಲಿಡೋಕೆ ಮುಂಚೆ ಬಡಿದು ಕೇಳು, ಟೊಳ್ಳಾಗಿದ್ದರೆ ಅದೇ ಹೇಳುತ್ತೆ.

ಭರಮಣ್ಣ ಅಲ್ಲಿಗೆ ನಿಂತ.

"ಯಾಕೆ?" ಎಂದರು ಗುರುಗಳು.

ಆ ಕಾಗದವನ್ನು ಅವನು ಪಾಳಯದಲ್ಲಿ ಗೆಳೆಯರಿಗೆ ಓದಿ ತೋರಿಸಿ ನಗಿಸಿದ್ದ. ಆಮೇಲೊಂದು ದಿನ, ಹಿಮ ಕರಗುವ ಕಾಲ, ಹನ್ನೆರಡು ಜನ ಕಣಿವೆಯ ಮೇಲೆ ಚಾಚಿಕೊಂಡಿದ್ದ ಒಂದು ಬಂಡೆಯನ್ನು ದಾಟಬೇಕಿತ್ತು. ಮುಂದಿದ್ದವನು ಇವನೇ. ಇನ್ನೊಂದು ಸಲ ನಗಿಸೋಣ ಎಂದು ಅಪ್ಪನ ಗೊಗ್ಗರು ದನಿ ಮಾಡಿ, ಬಡಿದು ಕೇಳೋ ಮುಠ್ಠಾಳ ಎನ್ನುತ್ತಾ ಕೋಲಿನಿಂದ ಬಂಡೆಗೆ ಬಡಿದ. ಬಂದ ಸದ್ದು ಟೊಳ್ಳು. ಅಪ್ಪನ ಕಲ್ಲುಗಣಿಯಲ್ಲಿ ಬೆಳೆದವನಿಗೆ ಆ ಸದ್ದು ಮರೆಯುತ್ತದೆಯೇ? ನಗು ಅಲ್ಲೇ ನಿಂತಿತು. ಎಲ್ಲರನ್ನೂ ಹಿಂದಕ್ಕೆ ತಿರುಗಿಸಿ ಸುತ್ತುದಾರಿಯಲ್ಲಿ ಕರೆದೊಯ್ದ. ಸಂಜೆ ಆ ಬಂಡೆ ತಾನಾಗಿಯೇ ಕಳಚಿ ಕಣಿವೆಗೆ ಬಿತ್ತು.

ಮೇಲಧಿಕಾರಿ ಅವನ ಬೆನ್ನು ತಟ್ಟಿದರು. ಆ ಮಾತು ಯಾರದೆಂದು ಅವನು ಅವರಿಗೆ ಹೇಳಲಿಲ್ಲ. ಅಪ್ಪನಿಗಂತೂ ಹೇಳಲೇ ಇಲ್ಲ.

"ಹನ್ನೆರಡು ಜನ ಗುರುಗಳೇ," ಎಂದ. ಕತ್ತರಿಸಿದ ಕಾಗದವನ್ನು ಕಣ್ಣಿಗೊತ್ತಿಕೊಂಡು ಅತ್ತ. ದುಃಖಕ್ಕೆ ಅತ್ತದ್ದಲ್ಲ.

ಮರುಳಯ್ಯನವರು ಅವನು ಅಳುವಷ್ಟು ಅಳಲಿ ಎಂದು ಬಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು: "ಅವನು ಒರಟ, ಅದು ಸುಳ್ಳಲ್ಲ. ನಿನಗೆ ನೋವಾದದ್ದೂ ಸುಳ್ಳಲ್ಲ. ಆದರೆ ನನ್ನ ಸಾಲಿಗೆ ಒಂದು ತೊಟ್ಟು ಮಸಿ ಸಾಕಾಗುತ್ತಿತ್ತು. ಅವನು ಉಳಿ ಮುಟ್ಟದ ಅಮಾವಾಸ್ಯೆಯ ದಿನ, ಊದಿದ ಮೊಣಕಾಲು ಎಳೆದುಕೊಂಡು ಒಂದು ಹರದಾರಿ ನಡೆದು ಬರುತ್ತಿದ್ದ. ಈ ಸಲ ನಿನಗೆ ಏನು ಬೈಯಬೇಕು ಅಂತ ದಾರಿಯುದ್ದಕ್ಕೂ ಯೋಚನೆ ಮಾಡಿಕೊಂಡು."

ಭರಮಣ್ಣ ಕಾಗದಗಳನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದ. ಈ ಸಲ ಟ್ರಂಕಿನ ತಳಕ್ಕೆ ಹಾಕದೆ ಅಂಗಿಯೊಳಗೆ ಇಟ್ಟುಕೊಂಡ. ಎಡಕ್ಕೆ ಬಸ್ಸಿನ ದಾರಿ, ಬಲಕ್ಕೆ ಹೊಳೆ ದಾಟಿ ಊರಿನ ದಾರಿ. ಎದ್ದು ನಿಂತವನು ಬಲಕ್ಕೆ ತಿರುಗಿದ, ಮತ್ತೆ ಅನುಮಾನಿಸಿ ನಿಂತ.

"ಹೋಗಿ ಏನಂತ ಹೇಳಲಿ? ನಿನ್ನಿಂದ ಬದುಕಿದೆ ಅಪ್ಪಾ ಅಂದರೆ, ಇಷ್ಟು ದಿನ ಯಾಕೋ ಹೇಳಲಿಲ್ಲ ಮುಠ್ಠಾಳ ಅಂತ ಅದಕ್ಕೂ ಬೈತಾನೆ."

ಗುರುಗಳು ಮೊರ ಎತ್ತಿಕೊಂಡು ಹುರುಳಿಗೆ ಕೈ ಹಾಕಿದರು.

"ಬೈತಾನೆ," ಎಂದರು. "ಇನ್ನೂ ಏಳು ದಿನ ರಜೆ ಇದೆಯಲ್ಲ, ಹೋಗಿ ಬೈಸಿಕೋ."