ಒಂದು ಮಾತಿಗೆ ಮೂರು ಕಾಗುಣಿತ

ಮಾಲಿಂಗ ಹರಿಗೋಲು ಹಾಕುವವರ ಮಗ. ಹೊಳೆಗೆ ಸೇತುವೆ ಬಂದ ಮೇಲೆ ಅವನ ಜನ ಹೊಟ್ಟೆಪಾಡು ನೋಡಿಕೊಂಡು ಚದುರಿಹೋದರು. ಅವರದೇ ಒಂದು ನುಡಿಯಿತ್ತು, ಅದಕ್ಕೆ ಲಿಪಿಯಿರಲಿಲ್ಲ. ಮನೆಯಲ್ಲಿ ಅದನ್ನಾಡಲು ಉಳಿದವಳು ಅವ್ವ ಒಬ್ಬಳೇ. ಒಂದು ಮಳೆಗಾಲ ಅವಳೂ ತೀರಿಕೊಂಡಳು.

ಆಮೇಲೆ ಅವನು ಗುರು ನಿರ್ವಾಣಯ್ಯನವರ ಮಠ ಸೇರಿದ. ಅಲ್ಲಿ ಅಕ್ಷರ ಕಲಿತ. ಕಲಿತದ್ದೇ ತಡ, ಅವ್ವ ಆಡುತ್ತಿದ್ದ ಮಾತುಗಳನ್ನು ಕನ್ನಡದಲ್ಲಿ ಬರೆದಿಡತೊಡಗಿದ.

ಒಂದು ಬೆಳಗ್ಗೆ ಗುರುಗಳ ಮುಂದೆ ಬಂದು ಕೂತ. ಕಣ್ಣು ಕೆಂಪಾಗಿದ್ದವು.

“ಗುರುಗಳೇ, ಮಗು ಹೊಳೆಯಲ್ಲಿ ಮಿಂದು ಬಂದರೆ ತಾಯಿ ಸೆರಗಿನಿಂದ ತಲೆ ಒರೆಸುತ್ತಾಳಲ್ಲ, ಅದಕ್ಕೆ ನಮ್ಮಲ್ಲಿ ಒಂದು ಮಾತಿತ್ತು. ತುಯ್ವ ಎಂದು ಬರೆದೆ. ಸರಿ ಕಾಣಲಿಲ್ಲ. ತುವ್ವ ಎಂದು ಬರೆದೆ. ಆಮೇಲೆ ತೂಯ ಎಂದು. ಯಾವುದು ಸರಿ?”

“ನಿನ್ನ ಅವ್ವ ಹೇಗನ್ನುತ್ತಿದ್ದಳು?”

“ಅದೇ ಮರೆತುಹೋಯಿತು. ಬರೆಯುವ ಮುಂಚೆ ಕಿವಿಯಲ್ಲಿತ್ತು. ಈಗ ನೆನೆಸಿಕೊಂಡರೆ ಅವ್ವನ ದನಿ ಬರುವುದಿಲ್ಲ. ಈ ಅಕ್ಷರಗಳೇ ಬಂದು ನಿಲ್ಲುತ್ತವೆ.”

“ನಿಮ್ಮವರು ಬೇರೆ ಯಾರೂ ಇಲ್ಲವೇ?”

“ಆಚೆ ದಡದಲ್ಲಿ ಚಿಕ್ಕವ್ವ ಇದ್ದಾಳೆ.”

“ಹೋಗಿ ಕೇಳು.”

ಚಿಕ್ಕವ್ವ ದ್ಯಾಮವ್ವ ಜೋಳ ಹಸನು ಮಾಡುತ್ತಿದ್ದಳು. ಮಾಲಿಂಗ ಮೂರೂ ಬಗೆಯಲ್ಲಿ ಅಂದು ತೋರಿಸಿದ. ಸೆರಗು ಹಿಡಿದು ಒರೆಸಿದಂತೆ ಕೈಯಾಡಿಸಿದ.

ಅವಳು ಅವನ ಬಾಯನ್ನೇ ನೋಡುತ್ತಿದ್ದಳು.

“ನಾವು ಬಾಯಿ ಬಿಟ್ಟರೆ ಸಂತೆ ಜನ ನಗತಿದ್ರು, ಮಗಾ. ನನ್ನ ಮಕ್ಕಳಿಗೆ ಆ ಪಾಡು ಬೇಡ ಅಂತ ಆಡೋದೇ ಬಿಟ್ಟೆ. ಈಗ ಕರೆದರೆ ಬರ್ತದಾ ಅದು?”

ರೊಟ್ಟಿ ಕೊಟ್ಟಳು. ಅದನ್ನು ಅವನು ಪಂಚೆಯ ತುದಿಗೆ ಕಟ್ಟಿಕೊಂಡು ಎದ್ದ.

ಹೊತ್ತು ಮುಳುಗುವಾಗ ಅವನು ಮಠಕ್ಕೆ ಮರಳಿದ. ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಅವನ ಮುಖ ನೋಡಿದರು.

“ತುಯ್ವ,” ಎಂದರು.

“ಅಲ್ಲ, ಗುರುಗಳೇ.”

“ತುವ್ವ.”

“ಅಲ್ಲ.”

“ತೂಯ.”

“ಅಲ್ಲ! ಅಲ್ಲವೇ ಅಲ್ಲ!” ಗುರುಗಳ ಮುಂದೆ ಅವನು ದನಿ ಏರಿಸಿದ್ದು ಅದೇ ಮೊದಲು.

“ಹಾಗಾದರೆ ನೀನು ಅನ್ನು.”

ಮಾಲಿಂಗ ಬಾಯಿ ತೆರೆದ. ನಾಲಗೆ ಎದ್ದಿತು. ಉಸಿರು ಹೊರಬಂತು. ಮಾತು ಬರಲಿಲ್ಲ.

ಮೆಟ್ಟಿಲ ಮೇಲೆ ಕುಸಿದು, ಮೊಣಕಾಲಲ್ಲಿ ಮುಖ ಹುದುಗಿಸಿ, ತಾಯಿ ಸತ್ತ ದಿನವೂ ಅತ್ತಿರದಷ್ಟು ಅತ್ತ. ಗುರುಗಳು ತಡೆಯಲಿಲ್ಲ.

ಕಡೆಗೆ ಅವನೇ ಕೇಳಿದ:

“ಬರೆದದ್ದನ್ನೆಲ್ಲ ಹೊಳೆಗೆ ಹಾಕಿಬಿಡಲೇ?”

“ಬೇಡ,” ಎಂದರು ಗುರುಗಳು. “ಮೂರನ್ನೂ ಇಟ್ಟುಕೋ. ಮೂರೂ ತಪ್ಪು ಎಂದು ಕೆಳಗೆ ಬರೆ. ನೀನು ಹೋದ ಮೇಲೆ ಅಷ್ಟನ್ನು ಹೇಳುವುದಕ್ಕೂ ಯಾರೂ ಇರುವುದಿಲ್ಲ.”