ಕೇರು ಮರಕ್ಕೆ ಸುತ್ತು ಬಂದ ಹಾಲೇಶಿ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಮೀಸೆ ಬೋಳಿಸಿ, ಮಕ್ಕಳೇ. ನಿಮ್ಮ ಮಾವ ಇಡೀ ತಾಲ್ಲೂಕಿಗೇ ಸತ್ಯವನ್ನು ಕಡ ಕೊಟ್ಟವನು.

ಕಾಡಂಚಿನ ಬಸರಿಹಳ್ಳಿಯಲ್ಲಿ ಹಾಲೇಶಿ ಅಂತ ಒಬ್ಬ ತರುಣ. ಮರಗಳ ವಿಷಯಕ್ಕೆ ಬಂದರೆ ಅವನ ಬಾಯಿಗೆ ಬೀಗವೇ ಇಲ್ಲ. "ಒಂದೆಲೆ ತೋರಿಸಿ, ಮರದ ಕುಲಗೋತ್ರ ಹೇಳ್ತೀನಿ" ಅನ್ನುತ್ತಿದ್ದ. ಹೇಳುತ್ತಲೂ ಇದ್ದ.

ಶಿವರಾತ್ರಿ ಹತ್ತಿರ ಬಂತು. ಕಾಡು ಎಲೆಯೆಲ್ಲ ಉದುರಿಸಿ ಎಲುಬಿನ ಗೂಡಿನಂತೆ ನಿಂತಿತ್ತು. ಹಾಲೇಶಿಗೆ ಗೊತ್ತುಮಾಡಿದ್ದ ಹೆಣ್ಣಿನ ಕಡೆಯವರು ಮರುದಿನ ಮನೆ ನೋಡಲು ಬರುವವರು. ಅಂಗಳದ ಚಪ್ಪರಕ್ಕೆ ಮತ್ತಿ ಮರದ ಕೊಂಬೆ ತರುತ್ತೇನೆಂದು ಹಾಲೇಶಿ ಕೊಡಲಿ ಹೊತ್ತು ಹೊರಟ. ಮತ್ತಿ ಅಂದುಕೊಂಡು ಅವನು ಕಡಿದದ್ದು ಕೇರು! ಅಗಸರು ಬಟ್ಟೆಗೆ ಗುರುತು ಹಾಕುವ ಬೀಜದ ಮರ. ಅದರ ಸೊನೆ ಸೋಕಿದರೆ ಮೈ ಊದುತ್ತದೆ. ಮನೆ ಮುಟ್ಟುವಷ್ಟರಲ್ಲಿ ಹಾಲೇಶಿಯ ಮುಖ ಸಿಹಿಗುಂಬಳ.

ಅವನ ಅಕ್ಕ ಸಾವಂತ್ರಕ್ಕ ಹಣೆ ಚಚ್ಚಿಕೊಂಡಳು. "ಅಯ್ಯೋ ನಿನ್ನ! ಈ ಮುಸುಡಿ ಕಂಡ್ರೆ ಬೀಗರು ಬಂದ ದಾರೀಲೇ ವಾಪಸ್ ಹೋಗ್ತಾರೆ. ಓಡು, ತಾರೆ ಮರಕ್ಕೆ ಸುತ್ತು ಬಂದು ತಬ್ಬಿಕೊಂಡು ಬಾ." ಕೇರಿನ ಊತಕ್ಕೆ ಅಲ್ಲಿಯ ಹಿರಿಯರು ನಂಬಿದ್ದ ಮದ್ದು ಅದೇ.

ಹಾಲೇಶಿ ಓಡಿದ. ಆದರೆ ತಾರೆ ಯಾವುದು? ಎಲ್ಲವೂ ಬೋಳು. ದಪ್ಪಗಿದ್ದ ಒಂದಕ್ಕೆ ಭಕ್ತಿಯಿಂದ ಸುತ್ತು ಬಂದ. ಕೆನ್ನೆ ಒತ್ತಿ ತಬ್ಬಿಕೊಂಡ. ಸುಸ್ತಾಗಿ ಬುಡದಲ್ಲಿ ಕೂತಾಗ ಕೈಗೆ ಸಿಕ್ಕಿದ್ದು ಕಪ್ಪನೆಯ ಕೇರುಬೀಜ!

ಆಗ ಅಜ್ಜಿ ನೆನಪಾದಳು. ಎಲೆ ಉದುರುವ ಕಾಲಕ್ಕೇ ಮೊಮ್ಮಕ್ಕಳನ್ನು ಕಾಡಿಗೆ ಕರೆತರುತ್ತಿದ್ದಳು. ಕಣ್ಣು ಮುಚ್ಚಿಸಿ ತೊಗಟೆ ಮುಟ್ಟಿಸುತ್ತಿದ್ದಳು. ತಾರೆಕಾಯಿಯನ್ನು ಕಲ್ಲಿನಿಂದ ಒಡೆದು, ಒಳಗಿನ ಪಪ್ಪನ್ನು ಸೆರಗಲ್ಲಿ ಒರೆಸಿ ಬಾಯಿಗಿಡುತ್ತಿದ್ದಳು. "ಎಲೆ ಅಂದ್ರೆ ಮರದ ಹಬ್ಬದ ಬಟ್ಟೆ ಕಣ್ರೋ. ಅದನ್ನ ಬಿಚ್ಚಿಟ್ಟಾಗ ನೋಡಿ, ಆಗ ಮೈ ಗುರುತು ಸಿಗುತ್ತೆ." ಹಾಲೇಶಿ ಪಪ್ಪು ತಿಂದಿದ್ದ. ತೊಗಟೆಯನ್ನು ಮನಸ್ಸಿಟ್ಟು ಮುಟ್ಟಿರಲಿಲ್ಲ. ಆ ಸೆರಗಿನ ಒಲೆಹೊಗೆಯ ವಾಸನೆ ಈಗ ಎಲ್ಲಿಂದಲೋ ಬಂದಂತಾಯಿತು. ಅಳು ಬಂತು. ಕಣ್ಣೀರು ಹೊರಬರಲು ಜಾಗವೇ ಇರಲಿಲ್ಲ, ಕಣ್ಣು ಅಷ್ಟು ಊದಿದ್ದವು. ಊರಿಗೆ ಮರಳುವಾಗ ದಾರಿಯ ಕೋತಿಗಳೆಲ್ಲ ಅವನನ್ನು ಕಂಡು ಕೈ ಮುಗಿದವು.

ಮರುದಿನ ಬೀಗರು ಬಂದರು. ಹುಡುಗಿ ನೀಲವ್ವನೂ ಜೊತೆಗಿದ್ದಳು. ಹಾಲೇಶಿಯನ್ನು ನೋಡಿದ್ದೇ ಅವಳ ಅಪ್ಪ ಎದ್ದು ನಿಂತ. "ನಾವು ಒಪ್ಪಿದ ಹುಡುಗ ಇವನಲ್ಲ. ನಡೀರಿ, ಗಾಡಿ ಕಟ್ಟಿ."

ಸಂಬಂಧ ಮುರಿದು ಬೀಳುವುದರಲ್ಲಿತ್ತು. ಹಾಲೇಶಿಗೆ ತಡೆಯಲಾಗಲಿಲ್ಲ. "ಹೋಗೋದಾದ್ರೆ ಹೋಗಿ ಮಾವಾ. ಆದ್ರೆ ಇಂಥ ಊತ ಇಡೀ ಸೀಮೇಲಿ ನೋಡೋಕೆ ಸಿಗಲ್ಲ. ಒಂದು ಕೇರು ಕಡಿದೆ, ಇನ್ನೊಂದನ್ನ ತಾರೆ ಅಂತ ತಬ್ಬಿಕೊಂಡೆ. ಎರಡು ಮರ ಸೇರಿ ಮಾಡಿದ ಕೆಲಸ ಇದು!"

ನೀಲವ್ವ ಕಿಸಕ್ಕನೆ ನಕ್ಕಳು. "ಅಪ್ಪಾ, ಕೂತ್ಕೋ. ಇವರೇ ಅವರು. ತಮ್ಮ ತಪ್ಪನ್ನೂ ಇಷ್ಟು ಜಂಬದಿಂದ ಹೇಳೋರು ಇನ್ನೊಬ್ಬರಿಲ್ಲ. ನಾನೇನು ಮುಖ ನೋಡಿ ಒಪ್ಪಿದ್ನಾ?"

ಹಾಲೇಶಿ ಊದಿದ ಮುಖದಲ್ಲೇ ಓಡಿ ಹೋಗಿ ಮಾವನಿಗೆ ಮತ್ತೆ ಚಾಪೆ ಹಾಸಿದ.

ಮದುವೆಯಾದ ಮೇಲೆ ಎಲೆ ಉದುರಿದಾಗಲೆಲ್ಲ ಇಬ್ಬರೂ ಕಾಡಿಗೆ ಹೋಗುತ್ತಿದ್ದರು. ಅವನು ಕಣ್ಣು ಮುಚ್ಚಿ ತೊಗಟೆ ಮುಟ್ಟಿ ಹೆಸರು ಹೇಳುವುದು, ಅವಳು ನಗುವುದು. ಕೇರು ಎದುರಾದರೆ ಮಾತ್ರ ಅವಳೇ ಕೈ ಹಿಡಿದು ಎಳೆಯುತ್ತಿದ್ದಳು.

ನೀತಿ: ಚಿಗುರಿ ನಿಂತವರ ಗುರುತು ಎಲ್ಲರಿಗೂ ಸಿಗುತ್ತದೆ. ಬೋಳಾಗಿ ನಿಂತಾಗಲೂ ಗುರುತು ಹಿಡಿಯುವವರೇ ನಮ್ಮವರು. ಹಾಗೆ ಗುರುತು ಹಿಡಿಯುವುದನ್ನು ನಾವೂ ಕಲಿಯಬೇಕು.

ಕೋತಿಗಳು ಕೈ ಮುಗಿದದ್ದು ಮಾತ್ರ ನಾನು ಸೇರಿಸಿದ್ದು. ಅವು ಸುಮ್ಮನೆ ದಾರಿ ಬಿಟ್ಟವು, ಅಷ್ಟೆ.