ಅರವಟ್ಟಿಗೆಗೆ ಒಂದು ಸ್ಥಾನ

“ಲೆಕ್ಕ ಸರಿಯಾಗಿದ್ದರೂ ಅನ್ಯಾಯ ಅನ್ನುತ್ತಾರಲ್ಲ ಗುರುಗಳೇ, ಆ ಅನ್ಯಾಯ ಇರುವುದಾದರೂ ಎಲ್ಲಿ?” ಎಂದು ಶಿವಗಂಗವ್ವ ಕೇಳಿದಳು.

ಶಿವಗಂಗವ್ವ ಪುರಸಭೆಯ ಹೊಸ ಅಧ್ಯಕ್ಷೆ. ಗುರುಗಳು ಊರ ಹೊರಗಿನ ಸಣ್ಣ ಮಠದಲ್ಲಿದ್ದರು. ಚಿಕ್ಕಂದಿನಿಂದಲೂ ಅವಳಿಗೆ ಏನೇ ತೊಡಕು ಬಂದರೂ ಅಲ್ಲಿಗೇ ಬರುತ್ತಿದ್ದಳು. ಗುರುಗಳದ್ದು ನೇರ ಬಾಯಿ. ಕೇಳಲು ಬಂದವರನ್ನು ಮುದ್ದು ಮಾಡಿ ಕಳಿಸುವ ಅಭ್ಯಾಸ ಅವರಿಗಿರಲಿಲ್ಲ.

“ಬಿಡಿಸಿ ಹೇಳು” ಎಂದರು ಗುರುಗಳು.

ಅವಳು ಹೇಳಿದಳು. ಪುರಸಭೆಯಲ್ಲಿ ಇಪ್ಪತ್ಮೂರು ಸದಸ್ಯರು. ಅವಳ ಗುಂಪಿನವರು ಹದಿಮೂರು, ಎರಡನೆಯ ಗುಂಪಿನವರು ಏಳು, ಮೂರನೆಯ ಗುಂಪಿನವರು ಮೂರು. ಸಮಿತಿಗಳು ನಾಲ್ಕು, ಅವುಗಳಲ್ಲಿ ಒಟ್ಟು ಇಪ್ಪತ್ತು ಸ್ಥಾನ. ಹದಿಮೂರು ಕೈ ಮೇಲೆದ್ದರೆ ಇಪ್ಪತ್ತೂ ಅವಳ ಕಡೆಗೇ ಬರುತ್ತಿದ್ದವು. ಆದರೂ ಅವಳು ಹಾಗೆ ಮಾಡಲಿಲ್ಲ. ಸಂಖ್ಯೆಗೆ ತಕ್ಕಂತೆ ಹನ್ನೊಂದು, ಆರು, ಮೂರು ಎಂದು ಹಂಚಿ ಪಟ್ಟಿ ಬರೆದಳು. ನೀರಿನ ಸಮಿತಿ, ಮಾರುಕಟ್ಟೆ ಸಮಿತಿ ಪೂರ್ತಿ ತನ್ನವರಿಗೆ ಇಟ್ಟುಕೊಂಡು, ನೀರಿನದರಲ್ಲಿ ತನ್ನ ಹೆಸರನ್ನೂ ಬರೆದುಕೊಂಡಳು. ಬೀದಿದೀಪದಲ್ಲಿ ತನ್ನವನೊಬ್ಬನನ್ನು ಕೂರಿಸಿ, ಮಿಕ್ಕದ್ದನ್ನೂ ಉದ್ಯಾನವನ್ನೂ ಉಳಿದವರಿಗೆ ಬಿಟ್ಟುಕೊಟ್ಟಳು. ಪಟ್ಟಿ ನೋಡಿ ಆ ಮೂವರು ಇದು ಅನ್ಯಾಯ ಎಂದು ಎದ್ದುಹೋದರು. ನೀರು ಹತ್ತದ ಬಡಾವಣೆಗಳಿಂದ ಗೆದ್ದು ಬಂದವರು ಅವರು. ನಾಳೆ ಬೆಳಿಗ್ಗೆ ಸಭೆಯಲ್ಲಿ ಪಟ್ಟಿ ಓದಬೇಕು.

“ಕೊಡದೆ ಇದ್ದರೆ ಅನ್ಯಾಯ ಅನ್ನಲಿ. ಕೊಟ್ಟ ಮೇಲೂ ಅಂದರೆ ನನಗೆ ಸಿಟ್ಟು ಬರುತ್ತದೆ” ಎಂದಳು.

“ಸಿಟ್ಟು ಸ್ವಲ್ಪ ಹೊತ್ತು ಪಕ್ಕಕ್ಕಿಡು. ನಾಳೆ ಬೇಕಾದರೆ ಮತ್ತೆ ತೆಗೆದುಕೊಳ್ಳುವೆಯಂತೆ” ಎಂದು ಗುರುಗಳು ಒಂದು ಕತೆ ಹೇಳಿದರು.

ಒಂದು ಊರು. ಆ ಊರಿಗೆ ಒಂದು ಕೆರೆ, ಮೂರು ಕೇರಿ. ಮೇಲಿನ ಕೇರಿಯಲ್ಲಿ ಅರವತ್ತು ಮನೆ, ನಡುಕೇರಿಯಲ್ಲಿ ಮೂವತ್ತು, ಕೊನೆಯ ಕೇರಿಯಲ್ಲಿ ಹತ್ತು. ಊರ ಕೆಲಸ ನೋಡಿಕೊಳ್ಳಲು ನಾಲ್ಕು ಸಮಿತಿ, ಅವುಗಳಲ್ಲಿ ಹತ್ತು ಸ್ಥಾನ. ಕೆರೆಗೆ ಮೂರು, ಸಂತೆಗೆ ಮೂರು, ದಾರಿಗೆ ಎರಡು, ಅರವಟ್ಟಿಗೆಗೆ ಎರಡು. ಅರವಟ್ಟಿಗೆ ಎಂದರೆ ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು, ಮಜ್ಜಿಗೆ ಕೊಡುವ ಚಪ್ಪರ. ಆ ಸಮಿತಿಯವರ ಕೆಲಸ ಗಡಿಗೆ ತುಂಬಿಸುವುದು. ಮಳೆಗಾಲದಲ್ಲಿ ಅದೂ ಇಲ್ಲ.

ಸ್ಥಾನ ಹಂಚುವವನು ಊರ ಯಜಮಾನ. ಅವನ ಮನೆ ಮೇಲಿನ ಕೇರಿಯಲ್ಲಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ. ಅರವತ್ತು ಮನೆಗೆ ಆರು ಸ್ಥಾನ, ಮೂವತ್ತಕ್ಕೆ ಮೂರು, ಹತ್ತಕ್ಕೆ ಒಂದು ಎಂದು ಹಂಚಿದ. ಕೆರೆಯ ಮೂರು, ಸಂತೆಯ ಮೂರು ಮೇಲಿನ ಕೇರಿಗೆ ಸೇರಿದವು. ದಾರಿಯ ಎರಡು, ಅರವಟ್ಟಿಗೆಯ ಒಂದು ನಡುಕೇರಿಗೆ ಹೋದವು. ಅರವಟ್ಟಿಗೆಯಲ್ಲಿ ಉಳಿದ ಇನ್ನೊಂದು ಸ್ಥಾನ ಕೊನೆಯ ಕೇರಿಯ ಪಾಲಿಗೆ ಬಂತು.

ಕೊನೆಯ ಕೇರಿಯವರು ಆ ಸ್ಥಾನಕ್ಕೆ ಒಬ್ಬ ರೈತನನ್ನು ಆರಿಸಿದ್ದರು. ಅವನು ಹೆಚ್ಚು ಮಾತಿನವನಲ್ಲ, ಆದರೆ ಹಿಡಿದದ್ದನ್ನು ಬಿಡುವವನೂ ಅಲ್ಲ. ಆ ಕೇರಿಯವರ ಗದ್ದೆಗಳೆಲ್ಲ ಕಾಲುವೆಯ ತುತ್ತತುದಿಯಲ್ಲಿದ್ದವು. ತೂಬು ತೆಗೆಯುವುದು, ಮುಚ್ಚುವುದು ಕೆರೆ ಸಮಿತಿಯ ಮಾತಿನ ಮೇಲೆ. ಕೆರೆ ತುಂಬಿ ತುಳುಕಿದರೂ ಮೇಲಿನ ಕೇರಿಯ ಗದ್ದೆಗಳಲ್ಲಿ ನೀರು ನಿಂತ ಕೂಡಲೇ ತೂಬು ಮುಚ್ಚುತ್ತಿತ್ತು. ಹಾಗಾಗಿ ಕೇರಿಯ ಹತ್ತು ಮನೆಯವರೂ ಅವನಿಗೆ ಹೇಳಿ ಕಳಿಸಿದ್ದು ಒಂದೇ ಮಾತು. ಏನಾದರೂ ಮಾಡು, ಕೆರೆಯಲ್ಲಿ ನಮ್ಮದೂ ಒಂದು ದನಿ ಇರುವ ಹಾಗೆ ನೋಡು. ಅವನು ಬಂದು ನೋಡಿದರೆ ಕೈಗೆ ಗಡಿಗೆ ಸಿಕ್ಕಿತ್ತು. ಊರ ದಾರಿಯಲ್ಲಿ ಹೋಗುವವರಿಗೆಲ್ಲ ನೀರು ಕೊಡುವ ಅಧಿಕಾರ, ಸ್ವಂತ ಗದ್ದೆಗೆ ಮಾತ್ರ ನೀರಿಲ್ಲ.

ರೈತ ಯಜಮಾನನ ಮನೆಗೆ ಹೋದ.

“ಯಜಮಾನರೇ, ನಮಗೆ ಎರಡು ಸ್ಥಾನ ಬೇಡ. ಕೊಟ್ಟ ಒಂದನ್ನೇ ಕೆರೆಗೆ ಬದಲಿಸಿಕೊಡಿ.”

“ಲೆಕ್ಕ ತಪ್ಪಿದ್ದರೆ ತೋರಿಸಪ್ಪ, ಈಗಲೇ ತಿದ್ದುತ್ತೇನೆ” ಎಂದ ಯಜಮಾನ.

ಲೆಕ್ಕ ತಪ್ಪಿರಲಿಲ್ಲ. ರೈತ ಏನು ತೋರಿಸಿಯಾನು? ಹಿಂತಿರುಗಿ ಬಂದ. ಕೇರಿಯವರು ಆ ಸ್ಥಾನವನ್ನು ಅವರ ಮುಖದ ಮೇಲೆ ಬಿಸಾಡಿ ಬಾ ಎಂದರು. ಬಡವನ ಸಿಟ್ಟು ದವಡೆಗೆ ಮೂಲ ಎಂದು ಅವನಿಗೆ ಗೊತ್ತಿತ್ತು. ಬಿಸಾಡಿದರೆ ಇರುವುದೂ ಹೋಗುತ್ತದೆ, ಒಳಗೆ ಕಾಲಿಡಲು ಇರುವ ಜಾಗ ಇದೊಂದೇ ಎಂದುಕೊಂಡು ಸುಮ್ಮನಾದ. ಆದರೆ ಮನಸ್ಸು ಸುಮ್ಮನಿರಲಿಲ್ಲ. ಅವನ ಸಸಿಮಡಿಯಲ್ಲಿ ಭತ್ತದ ಸಸಿ ಎದ್ದು ನಿಂತಿತ್ತು. ಇನ್ನು ಹತ್ತು ದಿನದಲ್ಲಿ ಗದ್ದೆಗೆ ನೀರು ಬಾರದಿದ್ದರೆ ಸಸಿ ಬಲಿತುಹೋಗುತ್ತದೆ. ಬಲಿತ ಸಸಿ ನೆಟ್ಟರೆ ಹುಲ್ಲು ಸಿಗಬಹುದು, ಕಾಳು ಸಿಗುವುದಿಲ್ಲ. ವರ್ಷದ ಅನ್ನ ಆ ಮಡಿಯಲ್ಲಿತ್ತು.

ಅಷ್ಟರಲ್ಲಿ ಯಜಮಾನನ ಮನೆಯಲ್ಲೇ ಪಾಲು ಬಂತು. ಅವನಿಗೆ ಇಬ್ಬರು ಗಂಡುಮಕ್ಕಳು, ಹತ್ತು ಎಕರೆ ಗದ್ದೆ. ಪಾಲಿನ ವಿಷಯದಲ್ಲಿ ಆ ಊರಿಗೆ ಎರಡು ಕಟ್ಟಳೆ. ಪಾಲಿನ ಕಾಗದಕ್ಕೆ ಮೂರೂ ಕೇರಿಯಿಂದ ಒಬ್ಬೊಬ್ಬರು ಸಾಕ್ಷಿಯಾಗಿ ಹೆಬ್ಬೆಟ್ಟು ಒತ್ತಬೇಕು. ಇದು ಒಂದು. ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಬೇಕು. ಇದು ಇನ್ನೊಂದು. ಮಡಕೆ ಕುಡಿಕೆಯಿಂದ ಹಿಡಿದು ಎತ್ತಿನ ಜೋಡಿಯವರೆಗೆ ಆ ಊರಲ್ಲಿ ಹಾಗೇ ಹಂಚಿಕೊಳ್ಳುತ್ತಿದ್ದರು. ಯಜಮಾನ ತಾನೇ ತಮ್ಮನ ಜೊತೆ ಹಾಗೆ ಹಂಚಿಕೊಂಡವನು.

ಕೊನೆಯ ಕೇರಿಯ ಸಾಕ್ಷಿಯಾಗಿ ರೈತನಿಗೆ ಕರೆ ಬಂತು.

ದೊಡ್ಡ ಮಗ ಅಪ್ಪನ ಮಗನೇ. ಐದೈದು ಎಕರೆಯ ಎರಡು ಪಾಲು ಮಾಡಿದ್ದ. ಒಂದು ಪಾಲು ತೂಬಿನ ಬುಡದಲ್ಲಿ, ಇನ್ನೊಂದು ಕಾಲುವೆಯ ತುದಿಯಲ್ಲಿ. ಯಜಮಾನ ಕಾಗದ ಓದಿಸಿ, ಎಕರೆ ಸಮ ಇರುವುದರಿಂದ ಆರಿಸುವ ಗೊಡವೆ ಬೇಡ, ತೂಬಿನ ಪಾಲು ದೊಡ್ಡವನು ಇಟ್ಟುಕೊಳ್ಳಲಿ, ತುದಿಯದು ಚಿಕ್ಕವನಿಗಿರಲಿ ಎಂದ. ಚಿಕ್ಕ ಮಗ ತಲೆ ತಗ್ಗಿಸಿ ನಿಂತಿದ್ದ. ಅಪ್ಪನ ಎದುರು ಅವನಿಗೆ ಮಾತು ಬರುತ್ತಿರಲಿಲ್ಲ. ಮೇಲಿನ ಕೇರಿಯವನು ಹೆಬ್ಬೆಟ್ಟು ಒತ್ತಿದ. ನಡುಕೇರಿಯವನೂ ಒತ್ತಿದ. ರೈತ ಕೈ ಮುಂದೆ ಮಾಡಲಿಲ್ಲ.

ಯಜಮಾನ ಅವನನ್ನು ಜಗುಲಿಯ ಮೂಲೆಗೆ ಕರೆದು ದನಿ ತಗ್ಗಿಸಿದ.

“ಹೆಬ್ಬೆಟ್ಟು ಒತ್ತು. ನಿನ್ನ ಗದ್ದೆಗೆ ಎರಡು ದಿನ ನೀರು ಬಿಡಿಸುತ್ತೇನೆ.”

ರೈತನ ಕಣ್ಣಿಗೆ ಸಸಿಮಡಿ ಕಟ್ಟಿತು. ಸಸಿಯ ತುದಿ ಆಗಲೇ ಹಳದಿಗೆ ತಿರುಗಿತ್ತು. ಎರಡು ದಿನದ ನೀರಿದ್ದರೆ ಅವನ ನಾಟಿ ಮುಗಿಯುತ್ತಿತ್ತು. ಸುಳ್ಳೇಕೆ ಹೇಳಲಿ, ಅವನ ಮನಸ್ಸು ಓಲಾಡಿತು. ಇದು ಅವರ ಮನೆಯ ಜಗಳ, ನನಗೇಕೆ ಅನ್ನಿಸಿತು. ಮರುಗಳಿಗೆ ಇನ್ನೊಂದೂ ಅನ್ನಿಸಿತು. ನೀರು ನನ್ನ ಗದ್ದೆಗೆ ಬರುತ್ತದೆ, ಉಳಿದ ಒಂಬತ್ತು ಮನೆಗೆ ನಾನು ಯಾವ ಮುಖ ತೋರಿಸಲಿ? ಬರುವ ವರ್ಷ ಮತ್ತೆ ಯಾರ ಪಾಲಿಗೆ ಮೋಸವಾದಾಗ ಹೆಬ್ಬೆಟ್ಟು ಒತ್ತಿ ನೀರು ತರಲಿ? ಹಲ್ಲು ಕಚ್ಚಿ ಜಗುಲಿಯ ನಡುವಿಗೆ ಬಂದು ನಿಂತ. ಎಲ್ಲರಿಗೂ ಕೇಳುವ ಹಾಗೆ ಹೇಳಿದ.

“ನಮ್ಮೂರಲ್ಲಿ ಪಾಲು ಮಾಡಿದವನು ಕೊನೆಗೆ ತೆಗೆದುಕೊಳ್ಳುತ್ತಾನೆ. ಚಿಕ್ಕವನು ಮೊದಲು ಆರಿಸಲಿ. ಆಮೇಲೆ ನನ್ನ ಹೆಬ್ಬೆಟ್ಟು.”

ಯಜಮಾನ ಗದರಿದ. ರೈತ ಕದಲಲಿಲ್ಲ. ನಡುಕೇರಿಯ ಸಾಕ್ಷಿ ತನ್ನ ಹೆಬ್ಬೆಟ್ಟಿನ ಮಸಿ ಒರೆಸಿಕೊಳ್ಳುತ್ತಾ, ಕಟ್ಟಳೆ ಇರುವುದಂತೂ ನಿಜ ಎಂದು ಗೊಣಗಿದ. ಮೂರನೆಯ ಹೆಬ್ಬೆಟ್ಟು ಬೀಳದೆ ಕಾಗದ ಕಾಗದವಾಗುವುದಿಲ್ಲ. ಕೊನೆಗೆ ಯಜಮಾನ ಚಿಕ್ಕ ಮಗನ ಕಡೆ ಕೈ ಬೀಸಿ, ಆರಿಸಿಕೋ ಹೋಗು ಎಂದ. ಚಿಕ್ಕವನು ತಲೆ ಎತ್ತಿ ತೂಬಿನ ಪಾಲು ಎಂದ.

ಆಗ ನೋಡಬೇಕಿತ್ತು ದೊಡ್ಡ ಮಗನನ್ನು. ಜಗುಲಿಯಿಂದ ಧುಮುಕಿದ. “ಹಾಗಾದರೆ ನಾನೇನು ಮಣ್ಣು ತಿನ್ನಲಾ? ಕಾಲುವೆಯ ತುದಿಗೆ ನೀರು ಎಲ್ಲಿ ಬರುತ್ತದೆ?” ಎಂದು ಕೂಗಾಡಿದ. ಮೂರೂ ಕೇರಿಯ ಸಾಕ್ಷಿಗಳು ಅಲ್ಲೇ ಇದ್ದರು. ಊರು ಇಷ್ಟು ವರ್ಷ ಹೇಳಲಾರದೆ ಇದ್ದದ್ದನ್ನು ಯಜಮಾನನ ಮಗನೇ ಬಾಯಿಬಿಟ್ಟು ಹೇಳಿದ್ದ. ರೈತ ಹೆಬ್ಬೆಟ್ಟು ಒತ್ತಿ ಮನೆಗೆ ಹೋದ.

“ಆಮೇಲೆ ಯಜಮಾನನಿಗೆ ಬುದ್ಧಿ ಬಂತೇ?” ಎಂದು ಶಿವಗಂಗವ್ವ ಕೇಳಿದಳು.

“ಬುದ್ಧಿ ಬಂತೋ, ಮಗನ ಗದ್ದೆಗೆ ನೀರು ಬೇಕಾಯಿತೋ, ನಾನು ಅವನ ಹೊಟ್ಟೆಯೊಳಗೆ ಹೊಕ್ಕು ನೋಡಿಲ್ಲ” ಎಂದರು ಗುರುಗಳು. “ಕತೆ ಕೇಳು.”

ನಾಲ್ಕನೆಯ ದಿನ ಯಜಮಾನ ಸಭೆ ಸೇರಿಸಿದ. ಹಳೆಯ ಹಂಚಿಕೆ ರದ್ದು ಎಂದ. ಆರು, ಮೂರು, ಒಂದು ಎಂಬ ಲೆಕ್ಕ ಹಾಗೇ ಇರಲಿ, ಆದರೆ ಆರಿಸುವುದು ಮನೆಯ ಕಟ್ಟಳೆಯಂತೆ ನಡೆಯಲಿ ಎಂದ. ಸಣ್ಣ ಕೇರಿ ಮೊದಲು, ದೊಡ್ಡದು ಕೊನೆಗೆ, ಸರದಿಯ ಮೇಲೆ ಒಂದೊಂದು. ರೈತ ಎದ್ದು ಕೆರೆ ಎಂದ. ನಡುಕೇರಿಯೂ ಕೆರೆಯನ್ನೇ ಹಿಡಿಯಿತು. ಉಳಿದ ಮೂರನೆಯದನ್ನು ಮೇಲಿನ ಕೇರಿ ಹಿಡಿದುಕೊಂಡಿತು. ಹೀಗೆ ಸರದಿ ಸುತ್ತುತ್ತಾ ಹೋಗಿ, ಕೊನೆಗೆ ಅರವಟ್ಟಿಗೆಯ ಎರಡು ಸ್ಥಾನಗಳು ಮೇಲಿನ ಕೇರಿಯ ಮಡಿಲಿಗೆ ಬಿದ್ದವು. ಅದರಲ್ಲಿ ಒಂದಕ್ಕೆ ಯಜಮಾನನೇ ಹೋಗಬೇಕಾಯಿತು.

ಮೇಲಿನ ಕೇರಿಯವರು ಅವನನ್ನು ಮುತ್ತಿಕೊಂಡರು. ಅರವತ್ತು ಮನೆಯವರಾಗಿ ನಾವು ಗಡಿಗೆ ತುಂಬಿಸುವುದೇ, ನಮ್ಮ ಕೈ ಕಡಿದು ಅವರಿಗೆ ಕೊಟ್ಟೆಯಲ್ಲ ಎಂದರು. ಯಜಮಾನ ಬೆವರು ಒರೆಸಿಕೊಂಡು, “ಆರು ಇವೆಯೋ ಇಲ್ಲವೋ ಎಣಿಸಿ ನೋಡಿ” ಎಂದ. ಎಣಿಸಿದರು. ಆರೇ ಇದ್ದವು.

ಆ ಸಂಜೆ ಕೆರೆ ಸಮಿತಿಯ ಮೂವರೂ ಏರಿಯ ಮೇಲೆ ಕೂತು ಮಾತಾಡಿಕೊಂಡರು. ನೀರು ಮೊದಲು ಕಾಲುವೆಯ ತುದಿಗೆ ಹೋಗಲಿ, ಅಲ್ಲಿಂದ ಮೇಲಕ್ಕೆ ಬರಲಿ ಎಂದು ಗೊತ್ತುಮಾಡಿದರು. ಮೂರನೆಯ ದಿನ ರೈತನ ಗದ್ದೆಯಲ್ಲಿ ಮೊಣಕಾಲುದ್ದ ಕೆಸರಾಯಿತು. ಸಸಿ ಸ್ವಲ್ಪ ಬಲಿತಿತ್ತು, ನಾಲ್ಕಾರು ಸಾಲು ಹಿಡಿಯಲಿಲ್ಲ. ಮಿಕ್ಕದ್ದೆಲ್ಲ ಹಿಡಿಯಿತು.

ಗುರುಗಳು ಕತೆ ನಿಲ್ಲಿಸಿದರು.

ಶಿವಗಂಗವ್ವ ಸೆರಗು ಸರಿಮಾಡಿಕೊಂಡಳು. ಅವಳೂ ಸುಲಭಕ್ಕೆ ಸೋಲುವವಳಲ್ಲ. ಹದಿಮೂರು ಜನರನ್ನು ಒಟ್ಟಿಗೆ ಹಿಡಿದುಕೊಂಡು ಅಧ್ಯಕ್ಷೆಯಾದವಳು. ನೀರಿನ ಸಮಿತಿ ಕೈಬಿಟ್ಟರೆ ಆ ಹದಿಮೂರರಲ್ಲಿ ಎಷ್ಟು ಜನ ನಾಳೆ ತನ್ನ ಜೊತೆ ಉಳಿಯುತ್ತಾರೆ ಎಂಬ ಹೆದರಿಕೆ ಅವಳಿಗಿತ್ತು. ಆ ಹೆದರಿಕೆಯನ್ನು ಅವಳು ಬಾಯಿಗೆ ತರಲಿಲ್ಲ.

“ಅದು ಕೆರೆ, ಕಾಲುವೆಯ ಕತೆ ಗುರುಗಳೇ. ಪುರಸಭೆಗೆ ಕಾನೂನಿದೆ. ನೀರಿನ ಸಮಿತಿ ದೊಡ್ಡದು, ಉದ್ಯಾನ ಸಮಿತಿ ಚಿಕ್ಕದು ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ. ನಾಲ್ಕೂ ಒಂದೇ” ಎಂದಳು.

“ಹಾಗಿದ್ದರೆ ನೀರಿನಿಂದ ನಿನ್ನ ಹೆಸರು ತೆಗೆದು ಉದ್ಯಾನಕ್ಕೆ ಬರೆದುಕೋ, ತಾಯಿ” ಎಂದರು ಗುರುಗಳು.